ಬಕೆಟ್ಟಿನಡಿಯ ರಾತ್ರಿ

ಜೂನ್ ತಿಂಗಳಲ್ಲಿ ನಮ್ಮ ಔಲು ಊರಿಗೆ ಕತ್ತಲೆ ಬರುವುದಿಲ್ಲ.
ಸೂರ್ಯ ಕಾಗದದ ಕಾರ್ಖಾನೆಯ ಹಿಂದೆ
ಒಂದು ಗಳಿಗೆ ಕೂತಂತೆ ಮಾಡಿ ಎದ್ದು ಬರುತ್ತಾನೆ.
ಲೆಟ್ಯೂಸಿಗೆ ಇದು ತಿಳಿಯುವುದಿಲ್ಲ.
ಬೆಳಕಿದ್ದಷ್ಟು ಹೊತ್ತೂ ಬೆಳೆದು, ಕತ್ತು ನೀಳಿಸಿ,
ಹೂ ಕಟ್ಟಿ,
ಎಲೆಯೆಲ್ಲ ಕಹಿ.

ಅದಕ್ಕೇ ಸಂಜೆ ಏಳಕ್ಕೆ
ಹದಿನೆಂಟು ಕಪ್ಪು ಬಕೆಟ್ಟು ಹೊತ್ತು ತಂದು
ಗಿಡಕ್ಕೊಂದರಂತೆ ರಾತ್ರಿಯನ್ನು ಬೋರಲು ಹಾಕುತ್ತೇನೆ.
ಬೆಳಿಗ್ಗೆ ಏಳಕ್ಕೆ ತೆಗೆಯುತ್ತೇನೆ.
ಮೂವತ್ತೊಂದು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ
ಮೂರು ಪಾಳಿಯವರಿಗೆ ಬಡಿಸಿದವಳು ನಾನು;
ಪಾಳಿ ಎಂದರೇನೆಂದು ಸೊಪ್ಪಿಗೂ ಕಲಿಸಬಲ್ಲೆ.

ಬೇಲಿಯಾಚೆಯಿಂದ ತೌನೊ ಕೇಳುತ್ತಿದ್ದ:
"ಹಿಲ್ಕಾ, ಮಕ್ಕಳು ಮಲಗಿದವಾ?"

ಅವನದು ಬರೀ ಹೂವಿನ ಮಡಿ.
ಲೂಪಿನ್, ಐರಿಸ್, ಆಳೆತ್ತರದ ನೀಲಿ ಡೆಲ್ಫಿನಿಯಂ.
ಮೈನಸ್ ಮೂವತ್ತರಲ್ಲಿ ಸತ್ತಂತೆ ಬಿದ್ದಿದ್ದು
ಮೇ ಬಂತೆಂದರೆ ಎದ್ದು ಕೂರುವ ಗಟ್ಟಿ ಜಾತಿ.
ಮಂಜುಗಡ್ಡೆ ಸೀಳುವ ಹಡಗಿನಲ್ಲಿ ಎಂಜಿನ್ ನೋಡಿದವನು,
ಅವನಿಗೆ ಯಾವುದಕ್ಕೂ ಅವಸರವಿಲ್ಲ.
"ಉಪ್ಪು ಹಚ್ಚಿ ತಿನ್ನುತ್ತೀಯೇನೋ ಹೂವನ್ನ?
ನನ್ನ ಮೂಲಂಗಿ ನೋಡು, ಇಪ್ಪತ್ತೈದು ದಿನ.
ಬಿತ್ತು, ಕೀಳು, ಕಚ್ಚು."
ಸಬ್ಬಸಿಗೆ, ಸೌತೆ, ಈರುಳ್ಳಿ ಸೊಪ್ಪು
ಬೇಲಿ ಮೇಲಿಂದ ಕೊಡುತ್ತಿದ್ದೆ. ತಿನ್ನುತ್ತಿದ್ದ.

ಒಂದು ಸೆಪ್ಟೆಂಬರಿನಲ್ಲಿ ಹಳೆ ಪೇಪರಿನಲ್ಲಿ ಸುತ್ತಿ
ಪಿಯೋನಿಯ ಗೆಡ್ಡೆ ಕೊಟ್ಟ.
"ಕಣ್ಣು ಮೇಲಿರಲಿ. ಎರಡೇ ಬೆರಳು ಮಣ್ಣು. ಹೆಚ್ಚು ಬೇಡ."
ಗೆಡ್ಡೆಯ ಕಣ್ಣುಗಳು ಎಳೆ ಕೆಂಪು,
ಬಾಣಂತಿ ಕೋಣೆಯಲ್ಲಿ ಕಂಡ ಬೆರಳುಗಳ ಹಾಗೆ.
ಎರಡೇ ಬೆರಳಂತೆ! ಈ ಚಳಿಗೆ!
ಮೊಣಕೈವರೆಗೆ ತೋಡಿ ಮುಚ್ಚಿದೆ.

ಮೊದಲ ವರ್ಷ ಎಲೆ.
ಎರಡನೆಯ ವರ್ಷ ಎಲೆ.
ಮೂರನೆಯದರಲ್ಲಿ, ಇನ್ನೂ ದೊಡ್ಡ ಎಲೆ.

ಆ ಬೇಸಿಗೆ ತೌನೊನ ಸೊಂಟದ ಆಪರೇಷನ್.
ಅವನ ಮಡಿ ನೋಡಿಕೊಳ್ಳುತ್ತೇನೆಂದು ಹೋದೆ, ಕೊಡ ಹಿಡಿದು.
ಮಾಡಲು ಏನೂ ಇರಲಿಲ್ಲ.
ಎಲ್ಲ ತಂತಾವೇ ಎದ್ದು, ತಂತಾವೇ ಅರಳಿ,
ನಾನು ಯಾರೆಂದು ಕೇಳದೆ ನಿಂತಿದ್ದವು.
ಇತ್ತ ನನ್ನವು,
ಒಂದು ಸಂಜೆ ತಡವಾದರೂ ಕೆಟ್ಟುಹೋಗುವಂಥವು.
ಅವತ್ತು ಸ್ವಲ್ಪ ಕೋಪ ಬಂತು. ಯಾರ ಮೇಲೆಂದು ಗೊತ್ತಿಲ್ಲ.

ಡಬ್ಬಿಯಲ್ಲಿ ಮೂಲಂಗಿ ತುಂಬಿ ಆಸ್ಪತ್ರೆಗೆ ಹೋದೆ.
"ಪಿಯೋನಿ ಹೂ ಬಿಟ್ಟಿತಾ?"
"ಬಿಡದೆ ಏನು."
"ಯಾವ ಬಣ್ಣ?"
"ಬಿಳಿ," ಎಂದೆ.
ಅವನು ಮೂಲಂಗಿ ಕಚ್ಚಿದ. ನಿಧಾನವಾಗಿ ಅಗಿದ.
ಕಿಟಕಿಯತ್ತ ನೋಡಿದ.
"ನಾನು ಕೊಟ್ಟಿದ್ದು ಕೆಂಪು, ಹಿಲ್ಕಾ."
ಆಮೇಲೆ ನಕ್ಕ ನಗುವಿಗೆ ಹೊಲಿಗೆ ಬಿಚ್ಚೀತೆಂದು ನರ್ಸ್ ಓಡಿಬಂದಳು.

ಸೆಪ್ಟೆಂಬರಿನಲ್ಲಿ ಕೋಲೂರಿ ಬಂದು
ನನ್ನದೇ ಒಂದು ಬಕೆಟ್ಟು ಬೋರಲು ಹಾಕಿ ಕೂತ.
ನಾನು ಅಗೆದೆ. ಅಗೆದೆ. ಇನ್ನೂ ಅಗೆದೆ.
"ಗೆಡ್ಡೆ ನೆಟ್ಟಿದ್ದೋ, ಹೂತಿದ್ದೋ?" ಎಂದ.
ನಾನು ಚಳಿ ಎಂದೆ. ಹಿಮ ಎಂದೆ. ಮೈನಸ್ ಮೂವತ್ತು ಎಂದೆ.
"ಅದಕ್ಕೆ ಚಳಿ ಬೇಕು ಕಣೆ.
ಕಣ್ಣಿಗೆ ತಾಕುವಷ್ಟು ಚಳಿ."
ತನ್ನ ಎರಡು ಬೆರಳು ಮಡಿಸಿ ಮಣ್ಣಿನಲ್ಲಿ ಅಳತೆ ಇಟ್ಟ.
ಉಗುರಿನ ಸಂದಿಯಲ್ಲಿ ಇನ್ನೂ ಹಡಗಿನೆಣ್ಣೆಯ ಕಪ್ಪು.

ಮತ್ತೆ ಒಂದು ವರ್ಷ ಬರೀ ಎಲೆ. ಹೇಳಿದ್ದ, ಹಾಗೇ ಅಂತ.

ಈ ಜೂನಿನಲ್ಲಿ ಒಂದೇ ಒಂದು ಮೊಗ್ಗು.
ಮೂಲಂಗಿಯಷ್ಟು ದಪ್ಪ, ಮೂಲಂಗಿಯಷ್ಟೇ ಗಟ್ಟಿ,
ಮೇಲೆ ನಾಲ್ಕಾರು ಇರುವೆ.
ಒತ್ತಿ ನೋಡಿದೆ. ತಿನ್ನಲು ಬರುವುದಿಲ್ಲ.
ಬೇಲಿಯಾಚೆ ತೌನೊ ನೋಡಿಯೂ ನೋಡದವನಂತೆ
ಕೊಳವೆಗೆ ಏನೋ ರಿಪೇರಿ ಮಾಡುತ್ತಿದ್ದಾನೆ.

ಏಳು ಗಂಟೆ.
ಬಕೆಟ್ಟುಗಳನ್ನು ಒಂದೊಂದೇ ಬೋರಲು ಹಾಕಿ ಬಂದೆ.
ಕೈಯಲ್ಲಿ ಒಂದು ಉಳಿಯಿತು.
ಈ ವರ್ಷ ಒಂದು ಲೆಟ್ಯೂಸು ಬಸವನಹುಳುವಿಗೆ ಹೋಯಿತಲ್ಲ, ಅದರದ್ದು.
ಮೊಗ್ಗಿನ ಮುಂದೆ ಅದನ್ನು ಹಿಡಿದು ನಿಂತೆ,
ಅಭ್ಯಾಸಬಲ.
ಆಮೇಲೆ ಅದರ ಮೇಲೆ ಕೂತೆ.
ಹನ್ನೊಂದಾದರೂ ಬೆಳಕು ಹಾಗೇ ಇತ್ತು.